ಪಾಸ್‌ಪೋರ್ಟ್ ಬಿಟ್ಟುಕೊಡದ ಥೆಲ್ಮಾ
ಅಮೆರಿಕದ ಟೊಲೀಡೊ ಊರಿನಲ್ಲಿ ತೆರಿಗೆ ಫಾರಂ ತುಂಬಿಕೊಡುವ ಥೆಲ್ಮಾಗೆ ಪರದೇಶದ ಹೆಂಡತಿಯನ್ನು ಕರೆತರುವ ಗಂಡಂದಿರೆಂದರೆ ಪಂಚಪ್ರಾಣ. ಜಂಟಿ ಫಾರಮ್ಮಿನಲ್ಲಿ ಹೆಂಡತಿಯ ತೆರಿಗೆ ನಂಬರು ಕೇಳುವ ಚೌಕದಲ್ಲಿ, ನಂಬರೇ ಇಲ್ಲದ ಆಕೆಗೆ ಒಂಬತ್ತು ಸೊನ್ನೆ ಬರೆದು ತಂದವರನ್ನು ಅವಳು ಕನ್ನಡಕದ ಮೇಲಿಂದ ನೋಡುತ್ತಾಳೆ. "ಸೊನ್ನೆ ಯಾಕಪ್ಪಾ ಸುತ್ತಿದ್ದೀಯ? ಕಟ್ಕೊಂಡವಳು ಸೊನ್ನೇನಾ? ಖಾಲಿ ಬಿಡು, ನಂಬರಿನ ಅರ್ಜೀನೂ ಇದರ ಜೊತೇಲೇ ಹೋಗುತ್ತೆ." ಹೀಗೆಂದು ಸ್ಟೇಪ್ಲರನ್ನು ಗುದ್ದಿದರೆ, ಆ ಸದ್ದಿಗೆ ಪಕ್ಕದ ಲಾಂಡ್ರಿಯ ಮಷೀನುಗಳು ನಿಂತುಹೋಗುತ್ತವೆಂದು ಊರಲ್ಲಿ ಪ್ರತೀತಿ. ಆದರೆ ಯಾರಾದರೂ ಅಸಲು ಪಾಸ್‌ಪೋರ್ಟನ್ನೇ ಆ ಅರ್ಜಿಗೆ ಗುರುತಿನ ಪುರಾವೆಯೆಂದು ಲಕೋಟೆಗೆ ಹಾಕಹೊರಟರೆ ಕೆಂಡಾಮಂಡಲವಾಗುತ್ತಾಳೆ. ಅದನ್ನು ಕಿತ್ತುಕೊಂಡು ಅದರ ಮೇಲೆಯೇ ಕುಳಿತುಬಿಡುತ್ತಾಳೆ. ಮೊನ್ನೆ ಪೆರು ದೇಶದ ಹುಡುಗಿಯನ್ನು ಮದುವೆಯಾಗಿ ಬಂದ ವೆಂಡೆಲ್, "ಎರಡು ತಿಂಗಳಲ್ಲಿ ಸರ್ಕಾರದೋರೇ ವಾಪಸ್ ಕಳಿಸ್ತಾರಲ್ಲ ಮೇಡಂ!" ಎಂದು ವಾದಕ್ಕಿಳಿದ. "ಶಿಕಾಗೋದಲ್ಲಿರೋ ಪೆರು ದೂತಾವಾಸದ ಕಚೇರಿಯ ಮೊಹರಿರೋ ನಕಲು ಸಾಕು, ನಡಿ" ಎಂದವಳೇ ಥೆಲ್ಮಾ, ಗಂಡಹೆಂಡತಿ ಇಬ್ಬರನ್ನೂ ತನ್ನ ಹಳೇ ಕಾರಿಗೆ ತುಂಬಿ, ನಾಲ್ಕು ಗಂಟೆ ದೂರದ ಶಿಕಾಗೋಗೆ ತಾನೇ ಓಡಿಸಿದಳು. ಇಂಥ ಪ್ರಯಾಣ ವರ್ಷಕ್ಕೆ ಹತ್ತಾದರೂ ಆಗುತ್ತದೆ. ಪೆಟ್ರೋಲಿಗೆ ಕಾಸು ಕೇಳಿದ್ದಿಲ್ಲ. "ನಮಗೋಸ್ಕರ ಇಷ್ಟೊಂದು ಯಾಕೆ ಆಂಟಿ?" ಎಂದು ಹುಡುಗಿ ದಾರಿಯಲ್ಲಿ ಕೇಳಿದಳು. ಥೆಲ್ಮಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನನ್ನ ಗಂಡ ಗ್ವಾಟೆಮಾಲಾದವನು. ಅವನ ಪಾಸ್‌ಪೋರ್ಟನ್ನ ನಾನೇ ಟಪಾಲಿಗೆ ಹಾಕಿದ್ದೆ ಮಗಳೇ. ಅದೇ ವಾರ ಅವನ ಊರಲ್ಲಿ ಅವನಮ್ಮ ತೀರಿಕೊಂಡ್ರು. ನಂಬರೇನೋ ಬಂತು. ಅಮ್ಮನ ಮಣ್ಣಿಗೆ ಅವನು ಹೋಗೋಕಾಗಲಿಲ್ಲ."