ಕಾಕಡವೆಂದು ಕರೆಸಿಕೊಂಡ ಮಲ್ಲಿಗೆ

ನನ್ನ ಮಗಳ ನಿಶ್ಚಿತಾರ್ಥ ಡೊಂಬಿವಲಿಯ ನಮ್ಮ ಮನೆಯಲ್ಲೇ ನಡೆಯಿತು. ಅಂದು ಬೀಗಿತ್ತಿಯವರು ಆಡಿದ ಮಾತನ್ನು ಮನೆಯವರೆಲ್ಲ ಮರೆತಿದ್ದಾರೆ, ನಾನು ಮರೆತಿಲ್ಲ.

ಬಾಲ್ಕನಿಯಲ್ಲಿ ಮಲ್ಲಿಗೆ, ಕಾಕಡ ಎರಡನ್ನೂ ಅಕ್ಕಪಕ್ಕದ ಕುಂಡಗಳಲ್ಲಿ ಬೆಳೆಸಿದ್ದೆ. ಒಂದೇ ಕುಲದ ಬಿಳಿ ಹೂಗಳು, ದೂರದಿಂದ ಅವಳಿಗಳೇ. ಆದರೆ ಮಲ್ಲಿಗೆಯ ಎಲೆ ನುಣುಪು, ಹೊಳಪು. ಕಾಕಡದ ಎಲೆಯ ಬೆನ್ನಿಗೂ ಮೊಗ್ಗಿನ ಬುಡಕ್ಕೂ ನವಿರಾದ ರೋಮ. ಎಸಳು ಸಪೂರ, ಪರಿಮಳ ಹೆಸರಿಗೆ ಮಾತ್ರ. ಮಗಳ ಶುಭಕಾರ್ಯಕ್ಕೆಂದೇ ಮಲ್ಲಿಗೆಯನ್ನು ಕಾಲಕ್ಕೆ ಸರಿಯಾಗಿ ಸವರಿ, ಗೊಬ್ಬರ ಹಾಕಿ, ಪಾರಿವಾಳಗಳೊಡನೆ ಜಗಳವಾಡಿ ಉಳಿಸಿದ್ದೆ. ಅಂದು ಮೊಗ್ಗು ಬಿಡಿಸಿ ನಾನೇ ಕಟ್ಟಿದ ದಂಡೆಯನ್ನು, ಮಧ್ಯಾಹ್ನ ಊಟವಾದ ಮೇಲೆ, ಮಗಳು ಭಾವೀ ಅತ್ತೆಗೆ ಕುಂಕುಮದೊಂದಿಗೆ ಕೊಟ್ಟಳು.

ಅವರು ಮೂಗಿಗೆ ಹಿಡಿದರು. “ಘಮವೇ ಇಲ್ವಲ್ಲ! ಕಾಕಡ ಅಲ್ವಾ ಬೀಗರೇ?”

“ಮಲ್ಲಿಗೆ. ಮೊಗ್ಗಿನ ಬುಡ ಮುಟ್ಟಿ ನೋಡಿ, ರೋಮವಿದೆಯೇ?”

“ಅಯ್ಯೋ, ಹೂವಿಗೂ ಗಡ್ಡ ಹುಡುಕ್ತಾರಲ್ಲ ಇವರು!”

ನೆಂಟರೆಲ್ಲ ನಕ್ಕರು. ನನ್ನ ಮಗಳೂ ನಕ್ಕಳು, ಅದೂ ನೆನಪಿದೆ. ದಂಡೆ ಮುಡಿಗೇರದೆ ಕೈಚೀಲ ಸೇರಿತು.

ಸಾನಪಾಡಾದಲ್ಲಿ ನೆಲೆಸಿದ್ದ ಆಕೆಗೆ ಸಂಜೆ ಸ್ಟೇಷನ್ನಿನ ಹೊರಗೆ ಅರಳಿದ ಮಲ್ಲಿಗೆಯ ದಂಡೆ, ಅಲ್ಲಿನವರ ಮಾತಿನಲ್ಲಿ ಮೊಗ್ರಾದ ಗಜರಾ, ಕೊಂಡೇ ಅಭ್ಯಾಸ. ಮಲ್ಲಿಗೆಯ ಮೊಗ್ಗು ಹೊತ್ತು ಇಳಿಯದೆ ಬಾಯಿ ಬಿಡುವುದಿಲ್ಲ, ಘಮ ಸೂಸುವುದಿಲ್ಲ ಎಂಬುದು ಗಿಡ ಸಾಕಿದವರಿಗೆ ಗೊತ್ತು. ವಾದಿಸಿದರೆ ಹೊಸ ಸಂಬಂಧಕ್ಕೆ ಮುಜುಗರ. ತಾಂಬೂಲದ ತಟ್ಟೆಯನ್ನು ಅವರ ಮುಂದೆ ಸರಿಸಿದೆ.

ದೀಪ ಹಚ್ಚುವ ಹೊತ್ತಿಗೆ ಅವರ ಫೋನ್ ಬಂತು.

“ಬೀಗರೇ, ಠಾಣೆಯಲ್ಲಿ ಗಾಡಿ ಬದಲಿಸಿ ಕೂತಿದ್ದೇ ತಡ, ಲೇಡೀಸ್ ಡಬ್ಬಿಯವರೆಲ್ಲ ಮೊಗ್ರಾ ಎಲ್ಲಿ, ಮೊಗ್ರಾ ಎಲ್ಲಿ ಅಂತ ಹುಡುಕೋಕೆ ಶುರು ಮಾಡಿದ್ರು. ನೋಡಿದ್ರೆ ನನ್ನ ಚೀಲ! ಈಗ ಮುಡ್ಕೊಂಡಿದೀನಿ.”

“ಏನನ್ನು?”

“ಹೂವನ್ನ.”

“ಯಾವ ಹೂವನ್ನು?”

“ಮಲ್ಲಿಗೆ, ಬೀಗರೇ, ಮಲ್ಲಿಗೆ! ಮದುವೆಗೂ ಈ ಗಿಡದ್ದೇ ಬೇಕು. ನನಗೊಂದು ಸಸೀನೂ ಕೊಡಿ.”

ಕೊಟ್ಟೆ, ಸುಮ್ಮನೆ ಕೊಡಲಿಲ್ಲ. ಮದುವೆಯಾದ ಮೇಲೆ, ಹೂವಿಲ್ಲದ ಕಾಲ ನೋಡಿ, ಎರಡೂ ಜಾತಿಯ ಸಸಿಗಳನ್ನು ಎದುರಿಗಿಟ್ಟು “ಆರಿಸಿಕೊಳ್ಳಿ” ಎಂದೆ. ಅವರು ಎಲೆಗಳ ಬೆನ್ನನ್ನು ಬೆರಳಿನಿಂದ ಸವರಿ, “ಇದಕ್ಕೆ ಗಡ್ಡ ಇದೆ, ಬೇಡ” ಎಂದು ಕಾಕಡವನ್ನು ನನ್ನತ್ತ ತಳ್ಳಿದರು.

ಆಯ್ಕೆ ಸರಿಯಾಗಿತ್ತು. ಅಂದಿನ ಮಾತಿನ ಅರ್ಧವನ್ನು ಅಲ್ಲೇ ಮನ್ನಿಸಿದೆ. ಉಳಿದರ್ಧಕ್ಕಾಗಿ, ಅವರ ಗಿಡ ಮೊದಲ ಮೊಗ್ಗು ಬಿಟ್ಟಿತೆಂದು ತಿಳಿದಾಗ, ಬೇಕೆಂದೇ ಉರಿಬಿಸಿಲಿನ ಮಧ್ಯಾಹ್ನ ಸಾನಪಾಡಾಕ್ಕೆ ಹೋಗಿ, ಮೊಗ್ಗನ್ನು ಮೂಗಿಗೆ ಹಿಡಿದು, “ಘಮವೇ ಇಲ್ಲವಲ್ಲ!” ಎಂದು ಹೇಳಿ ಬಂದೆ.