ದೇವರ ಗೂಡಿನ ಕ್ಯೋಟೋ ಚೀಟಿ

ಗೌರಿ ಹಬ್ಬಕ್ಕೆಂದು ಮೊನ್ನೆ ದೇವರ ಗೂಡು ಒರೆಸಲು ನಿಂತೆ. ಗೂಡು ಅಂದರೆ ನೀವು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಜಪಾನಿನ ಗ್ಯೋಟೋಕುವಿನ ನಮ್ಮ ಫ್ಲ್ಯಾಟಿನಲ್ಲಿ ಅದು ಅಡುಗೆಮನೆ ಕಪಾಟಿನ ಮೇಲಿನ ಒಂದು ಖಾನೆ, ಅಷ್ಟೆ. ಕೆಳಗಿನ ಖಾನೆಯಲ್ಲಿ ತೊಗರಿಬೇಳೆ ಡಬ್ಬಿ. ಗಣಪತಿ ಫೋಟೋ ಎತ್ತಿದೆ ನೋಡಿ, ಹಿಂದಿನಿಂದ ಮಡಿಸಿದ ಕಾಗದವೊಂದು ಜಾರಿ ಬಿತ್ತು. ಕುಂಕುಮ, ಅರಿಸಿನ, ಕರ್ಪೂರ ಎಲ್ಲ ಬೆರೆತ ವಾಸನೆ. ಮೂಗಿಗೆ ಹಿಡಿದದ್ದೇ ತಡ, ನಾನು ಹನ್ನೊಂದು ವರ್ಷ ಹಿಂದಿನ ಕ್ಯೋಟೋದಲ್ಲಿದ್ದೆ.

ಆಗ ನಾನು ನೋಮಿ ಅನ್ನುವ ಊರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮಾಡುತ್ತಿದ್ದೆ ಅನ್ನುವುದೂ ಸ್ವಲ್ಪ ಹೆಚ್ಚಾಯಿತು. ಗಾಜಿನ ಮೇಲೆ ತೆಳುವಾದ ಪದರ ಹಚ್ಚುವುದು ನನ್ನ ಸಂಶೋಧನೆ. ಬೆಳಿಗ್ಗೆ ಹಚ್ಚಿದ್ದು ಸಂಜೆಯ ಹೊತ್ತಿಗೆ ಒಣಗಿದ ಹಪ್ಪಳದ ಹಾಗೆ ಬಿರುಕು ಬಿಡುತ್ತಿತ್ತು. ಎರಡು ವರ್ಷ ಇದೇ ಕಥೆ. ಮುಂದಿನ ಮಾರ್ಚಿಗೆ ಸ್ಕಾಲರ್‌ಶಿಪ್ ಮುಗಿಯುತ್ತಿತ್ತು, ಅಷ್ಟರೊಳಗೆ ಫಲಿತಾಂಶ ಬರದಿದ್ದರೆ ಬರಿಗೈಲಿ ಮೈಸೂರಿಗೆ. ನಾನು ಜಪಾನಿಗೆ ಹೊರಟದ್ದು ದೊಡ್ಡ ಭೂಕಂಪವಾದ ಮರುವರ್ಷ. ಬೇಡ ಬೇಡ ಅಂದ ಮನೆಯವರೆಲ್ಲರ ಜೊತೆ ಜಗಳ ಆಡಿಯೇ ಬಂದಿದ್ದೆ. ವಾರಕ್ಕೊಮ್ಮೆ ಅಮ್ಮನ ಫೋನು. "ಇವತ್ತೂ ಅಲ್ಲಾಡ್ತಂತೆ? ಟೀವೀಲಿ ತೋರಿಸಿದ್ರು. ಓದು ಎಲ್ಲಿಗೆ ಬಂತೇ?" ಭೂಮಿ ಅಲ್ಲಾಡಿದ್ದಕ್ಕಾದರೂ ಉತ್ತರ ಕೊಡಬಹುದಿತ್ತು. ಎರಡನೆಯ ಪ್ರಶ್ನೆಗೆ ಲೈನ್ ಸರಿಯಿಲ್ಲ ಅನ್ನುತ್ತಿದ್ದೆ.

ಆ ವರ್ಷ ಮೇ ತಿಂಗಳಲ್ಲಿ ನಾನು ಪ್ರೊಫೆಸರಿಗೆ 'ಬಿಟ್ಟು ಹೋಗುತ್ತೇನೆ' ಅಂತ ಮೇಲ್ ಬರೆದು, ಕಳಿಸದೆ ಇಟ್ಟುಕೊಂಡು ಕೂತಿದ್ದೆ. ಪಕ್ಕದ ಮೇಜಿನ ಹರಾ-ಸಾನ್ ಅದನ್ನು ನೋಡಿಬಿಟ್ಟಳು. ಮಾತಿಗೆ ಮೊದಲೂ ಕೊನೆಗೂ ಸುಮಿಮಾಸೆನ್, ಅಂದರೆ ಕ್ಷಮಿಸಿ, ಅನ್ನುವ, ಇರುವೆಗೂ ದಾರಿ ಬಿಡುವ ಹುಡುಗಿ. "ಭಾನುವಾರ ಕ್ಯೋಟೋ ನೋಡಿ ಬರೋಣ. ಮೇಲ್ ಸೋಮವಾರ ಕಳಿಸಬಹುದು" ಅಂದಳು ತನ್ನ ನಿಧಾನವಾದ ಇಂಗ್ಲಿಷಿನಲ್ಲಿ.

ಎರಡು ಗಂಟೆ ಚಿಲ್ಲರೆ ರೈಲು. ಕ್ಯೋಟೋ ಹಳೆಯ ರಾಜಧಾನಿ ಎಂದು ಅವಳು ವಿವರಿಸುತ್ತಿದ್ದರೆ ನಾನು ಮೈಸೂರಿನವಳ ಗತ್ತಿನಲ್ಲಿ ತಲೆಯಾಡಿಸುತ್ತಿದ್ದೆ. ರಾಜಧಾನಿ ಕಳೆದುಕೊಂಡೂ ಠೀವಿ ಕಳೆದುಕೊಳ್ಳದ ಊರಿನ ಬಗ್ಗೆ ನಮಗೆ ಯಾರಾದರೂ ಹೇಳಿಕೊಡಬೇಕೆ? ಆದರೆ ಮೊದಲನೆಯ ದೇವಸ್ಥಾನದ ಬಾಗಿಲಲ್ಲೇ ನನ್ನ ಗತ್ತು ಇಳಿಯಿತು. ಅಲ್ಲೊಂದು ಕಲ್ಲಿನ ತೊಟ್ಟಿ, ಬಿದಿರಿನ ಸೌಟು. ಕೈತೊಳೆದು, ಬಾಯಿ ಮುಕ್ಕಳಿಸಿ ಉಗುಳಬೇಕಾದ ನೀರು. ನಾನು ಮೂರು ಸಲ ಭಕ್ತಿಯಿಂದ ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡೆ. ಹಿಂದಿದ್ದ ಅಜ್ಜಿಯೊಬ್ಬರು ನಗು ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಬಾಣದ ಗುರುತಿಗೆ ಎದುರಾಗಿ ಪ್ರದಕ್ಷಿಣೆ ಹೊರಟೆ. ಇಡೀ ಶಾಲೆಯ ಮಕ್ಕಳ ಸಾಲು ನನಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಂಡಿತು. ಹರಾ-ಸಾನ್ ನನ್ನ ಪರವಾಗಿ ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಸುಮಿಮಾಸೆನ್ ಹೇಳಿದಳು. ಮಧ್ಯಾಹ್ನ ಕೆರೆ ದಂಡೆಯಲ್ಲಿ ನನ್ನ ಪುಳಿಯೋಗರೆ ತಿಂದು, ಕಣ್ಣಲ್ಲಿ ನೀರು ಸುರಿಸುತ್ತಾ "ತುಂಬಾ ರುಚಿ" ಅಂದಳು. ಪಾಪ, ನಿಜ ಹೇಳುವ ಅಭ್ಯಾಸ ಅವಳಿಗೆ ಆಗಲೇ ಕಡಿಮೆ ಇತ್ತು ಅಂತ ನನಗೆ ಹೊಳೆಯಬೇಕಿತ್ತು.

ಸಂಜೆ ಕೊನೆಯ ದೇವಸ್ಥಾನದಲ್ಲಿ ಭವಿಷ್ಯದ ಚೀಟಿ. ಮರದ ಡಬ್ಬಿ ಅಲ್ಲಾಡಿಸಿದರೆ ಒಂದು ಕಡ್ಡಿ ಹೊರಬರುತ್ತದೆ, ಕಡ್ಡಿಯ ನಂಬರಿಗೆ ತಕ್ಕ ಚೀಟಿ ಕೊಡುತ್ತಾರೆ. ನನ್ನ ಚೀಟಿಯ ಮೇಲೆ ದಪ್ಪಗೆ ಒಂದೇ ಅಕ್ಷರ. ಜಪಾನೀ ಅಕ್ಷರಗಳಲ್ಲಿ ಆಗ ನನಗೆ ಬರುತ್ತಿದ್ದದ್ದು ಮಾಂಸ, ಮೀನು, ಮೊಟ್ಟೆ. ಕೊಂಬಿನಿ ಅಂಗಡಿಯಲ್ಲಿ ತಿನ್ನಬಾರದ್ದನ್ನು ಗುರುತಿಸಲು ಕಲಿತದ್ದು. ಇದು ಆ ಮೂರೂ ಅಲ್ಲ, ಆದ್ದರಿಂದ ಶುಭವೇ ಅಂತ ನಿರ್ಧರಿಸಿದೆ.

ಹರಾ-ಸಾನ್ ಚೀಟಿ ಇಸಿದುಕೊಂಡು ಓದಿದಳು. ಪಕ್ಕದಲ್ಲಿ ತಂತಿಗೆ ನೂರಾರು ಚೀಟಿ ಕಟ್ಟಿದ್ದರು. "ಬನ್ನಿ, ಅಲ್ಲಿ ಕಟ್ಟಿಬಿಡೋಣ" ಅಂದಳು.

"ಅಯ್ಯೋ, ಎಲ್ಲಾದರೂ ಉಂಟೇ! ದೇವರ ಹತ್ತಿರ ಸಿಕ್ಕಿದ್ದು ಪ್ರಸಾದ. ಅದನ್ನ ಬಿಟ್ಟು ಹೋಗಬಾರದು. ನಮ್ಮಲ್ಲಿ ಮನೆಗೆ ತಂದು ಪೂಜೆ ಮಾಡ್ತೀವಿ" ಅಂತ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅವಳು ತಂತಿ ನೋಡಿದಳು, ನನ್ನ ಮುಖ ನೋಡಿದಳು.

"ಏನು ಬರೆದಿದೆ, ಹರಾ-ಸಾನ್?"

"ಅದು... ಬಹಳ ಒಳ್ಳೆಯದು. ವಿದ್ಯೆ ಖಂಡಿತ ಕೈಗೂಡುತ್ತದೆ" ಅಂದಳು. ಕಿವಿ ಕೆಂಪಾಗಿದ್ದವು. ಪುಳಿಯೋಗರೆಯ ಖಾರ ಇನ್ನೂ ಇಳಿದಿಲ್ಲ ಅಂದುಕೊಂಡೆ.

ಮೇಲ್ ಅಳಿಸಿದೆ. ಹಾಸ್ಟೆಲ್ಲಿನ ಫ್ರಿಜ್ಜಿನ ಮೇಲಿದ್ದ ಗಣಪತಿಯ ಪಕ್ಕ ಚೀಟಿ ಇಟ್ಟು ದಿನಾ ಕುಂಕುಮ ಹಚ್ಚಿದೆ. ಪದರ ಬಿರುಕು ಬಿಟ್ಟಾಗಲೆಲ್ಲ "ಇರಲಿ, ಚೀಟಿ ಹೇಳಿದೆಯಲ್ಲ" ಅಂತ ಹರಾ-ಸಾನ್‌ಗೇ ಧೈರ್ಯ ಹೇಳುತ್ತಿದ್ದೆ. ಆಗಿನಿಂದ ಯಾಕೋ ಅವಳು ಪ್ರತಿ ಶನಿವಾರ ತನ್ನ ಕೆಲಸ ಬಿಟ್ಟು ನನ್ನ ಗಾಜು ತೊಳೆಯಲು ಲ್ಯಾಬಿಗೆ ಬರತೊಡಗಿದಳು. ಪದರವನ್ನು ಇನ್ನೂ ನಿಧಾನ ಒಣಗಿಸಿ ನೋಡೋಣ ಅಂದವಳೂ ಅವಳೇ. ಡಿಸೆಂಬರಿನಲ್ಲಿ ಬಿರುಕು ನಿಂತಿತು, ಮಾರ್ಚಿಗೆ ನಾನು ಡಾಕ್ಟರಾದೆ. ಅಮ್ಮ ಚಾಮುಂಡಿ ಬೆಟ್ಟ ಹತ್ತಿ ಹರಕೆ ತೀರಿಸಿದಳು, ನಾನು ಗಣಪತಿಗೆ ಕಡುಬು ಮಾಡಿದೆ. ಹರಾ-ಸಾನ್‌ಗೆ ಅರಿಗಾತೋ ಅಂತ ಒಂದು ಥ್ಯಾಂಕ್ಸ್ ಹೇಳಿ ಮುಗಿಸಿದೆ.

ಮೊನ್ನೆ ಬಿದ್ದ ಚೀಟಿಯನ್ನು ಎತ್ತಿಕೊಂಡವಳು ನಾಲ್ಕನೆಯ ಕ್ಲಾಸಿನ ನನ್ನ ಮಗಳು. ಇಲ್ಲೇ ಹುಟ್ಟಿ, ಇಲ್ಲಿನ ಶಾಲೆಗೇ ಹೋಗುವವಳು.

"ಅಮ್ಮಾ, ದಿಸ್ ಈಸ್ ಬ್ಯಾಡ್ ಲಕ್! ವೆರಿ ಬ್ಯಾಡ್. ಇದನ್ನ ಅಲ್ಲೇ ಟೈ ಮಾಡಿ ಬರ್ಬೇಕು. ಯಾಕೆ ಕುಂಕುಮ?"

"ವಿದ್ಯೆ ಅಂತ ಇದ್ಯಲ್ಲ, ಅಲ್ಲೇನಿದೆ ಓದು."

ಬೆರಳಿಟ್ಟು ಓದಿದಳು. "ಸ್ಟಡೀಸ್... ಆಗಲ್ಲ. ಗಿವ್ ಅಪ್ ಅಂತೆ."

ಒರೆಸುವ ಬಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಹರಾ-ಸಾನ್ ಈಗ ಇಲ್ಲಿಂದ ಒಂದೂವರೆ ಗಂಟೆ ದೂರದ ಸಗಮಿಹಾರಾದಲ್ಲಿ ಎಂಜಿನಿಯರು. ಚೀಟಿಯ ಫೋಟೋ ತೆಗೆದು ಕಳಿಸಿದೆ, ಒಂದಕ್ಷರ ಬರೆಯಲಿಲ್ಲ. ಐದು ನಿಮಿಷಕ್ಕೆ ಉತ್ತರ ಬಂತು.

"ಸುಮಿಮಾಸೆನ್. ಸುಳ್ಳು ಹೇಳಿದ ಮೇಲೆ ತುಂಬಾ ಭಯವಾಯಿತು. ಅದು ನಿಜವಾಗಲಿ ಅಂತಲೇ ಶನಿವಾರ ಬರುತ್ತಿದ್ದೆ."

ನಾನು ಅತ್ತೆ. ಮುಚ್ಚುಮರೆ ಯಾಕೆ, ಜೋರಾಗಿಯೇ ಅತ್ತೆ. ಮಗಳು ಗಾಬರಿಯಾಗಿ ಟಿಶ್ಯೂ ಡಬ್ಬಿ ತಂದಳು. ಚೀಟಿಯನ್ನು ಮಾತ್ರ ಎರಡೇ ಬೆರಳಲ್ಲಿ ಹಿಡಿದುಕೊಂಡು ಕೇಳಿದಳು: "ಎಸೀಲಾ?"

"ಕೊಡಿಲ್ಲಿ" ಅಂದೆ. ಮೊದಲಿನ ಮಡಿಕೆಯಲ್ಲೇ ಮಡಿಸಿದೆ. ಇಷ್ಟು ವರ್ಷ ಗಣಪತಿಯ ಹಿಂದಿದ್ದದ್ದನ್ನು ಈ ಸಲ ಮುಂದೆ ಇಟ್ಟೆ. ಕುಂಕುಮ ಹಚ್ಚಿ, ಹರಾ-ಸಾನ್‌ಗೆ ಬರೆದೆ: "ಶನಿವಾರ ಹಬ್ಬದೂಟಕ್ಕೆ ಬಾ. ಖಾರ ಕಡಿಮೆ ಹಾಕುತ್ತೇನೆ."