ಅಳತೆ ಪುಸ್ತಕಕ್ಕೆ ಖಂಡೇನವಮಿ

ದಸರೆಯ ಸಂಜೆ ಬನ್ನಿ ಕೊಟ್ಟು, ಕಾಲಿಗೆ ನಮಸ್ಕರಿಸಿ, ಅವ್ವನಿಗೆ ನಾನು ಹೇಳಿದ ಸುದ್ದಿ ಇದು: "ಅವ್ವಾ, ನಿನ್ನ ಅಳತಿ ಎಲ್ಲಾ ಹೋದವು."

ಹಬ್ಬದ ದಿನ ಹೇಳುವ ಮಾತೇ? ಅಲ್ಲ. ಆದರೆ ಬೆಳಗಿನಿಂದ ಮುಚ್ಚಿಟ್ಟು ಸಾಕಾಗಿತ್ತು.

ನಮ್ಮವ್ವ ಬ್ಲೌಸ್ ಹೊಲಿಯುತ್ತಾಳೆ. ಧಾರವಾಡದಿಂದ ಪುಣೆಗೆ ಬಂದ ವರ್ಷವೇ ಮಷೀನ್ ತುಳಿಯಲು ಶುರು ಮಾಡಿದವಳು, ಇನ್ನೂ ನಿಲ್ಲಿಸಿಲ್ಲ. ಯೆರವಡಾದ ನಮ್ಮ ಓಣಿಯ ಹೆಂಗಸರ ಅಳತೆಗಳೆಲ್ಲ ಅವಳ ಏಳು ಉದ್ದನೆಯ ನೋಟ್‌ಬುಕ್ಕುಗಳಲ್ಲಿದ್ದವು. ಅಂಚು ಹರಿದು, ಎಣ್ಣೆ ಕುಡಿದು, ಮುಟ್ಟಿದರೆ ಉದುರುವಂತಾಗಿದ್ದವು.

ಮಗ ಐಟಿಯವನಲ್ಲವೇ? (ಊರವರ ಸರ್ವರ್ ಕಾಯುವುದೇ ನನ್ನ ಉದ್ಯೋಗ.) ಎರಡು ವರ್ಷದ ಹಿಂದೆ ಅಷ್ಟೂ ಪುಟಗಳನ್ನು ಸ್ಕ್ಯಾನ್ ಮಾಡಿದೆ. ಮನೆಯ ವೈಫೈಗೆ ಜೋಡಿಸಿಟ್ಟರೆ ಎಲ್ಲರ ಫೈಲುಗಳನ್ನೂ ಇಟ್ಟುಕೊಳ್ಳುವ, ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದು ಅದರೊಳಗೆ ಹಾಕಿದೆ. ಅವ್ವನ ಕೈಗೆ ಟ್ಯಾಬ್ಲೆಟ್ ಕೊಟ್ಟೆ. ನೋಟ್‌ಬುಕ್ಕುಗಳನ್ನು ರದ್ದಿಯವನಿಗೆ ಹಾಕಿದೆ. ಆ ಪೆಟ್ಟಿಗೆಗೆ ಎರಡು ಡ್ರಾವರ್. ಎರಡರಲ್ಲೂ ಡಿಸ್ಕ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ನಾನು ಹಾಕಿದ್ದು ಒಂದೇ. ಎರಡನೆಯದನ್ನು ಮುಂದಿನ ವಾರ ತಂದರಾಯಿತು ಎಂದುಕೊಂಡೆ. ಆ ಮುಂದಿನ ವಾರ ಇನ್ನೂ ಬಂದಿಲ್ಲ.

ಖಂಡೇನವಮಿಯಂದು (ದಸರೆಯ ಹಿಂದಿನ ದಿನದ ಆಯುಧಪೂಜೆ) ನಮ್ಮ ಮನೆಯಲ್ಲಿ ಯಂತ್ರಗಳಿಗೆಲ್ಲ ರಜೆ. ಅವ್ವ ಎಲ್ಲದರ ಸ್ವಿಚ್ ಆರಿಸಿ, ಮಷೀನು, ಕತ್ತರಿ, ಟೇಪು, ಮಿಕ್ಸರು, ಈ ಪೆಟ್ಟಿಗೆ, ಎಲ್ಲಕ್ಕೂ ಕುಂಕುಮ ಹಚ್ಚಿ ಚೆಂಡು ಹೂ ಇಡುತ್ತಾಳೆ. ಈ ಸಲ ನಾನು ಆಫೀಸಿನಲ್ಲಿದ್ದೆ. ಮರುದಿನ ಬೆಳಗ್ಗೆ ಪೆಟ್ಟಿಗೆಯನ್ನು ಆನ್ ಮಾಡಿದರೆ ಬೀಪ್, ಬೀಪ್, ಕೆಂಪು ದೀಪ. ಡಿಸ್ಕ್ ಇಲ್ಲವೇ ಇಲ್ಲ ಎನ್ನುತ್ತದೆ ಆ್ಯಪ್.

ಪದ್ಧತಿಯಂತೆ ಪರೀಕ್ಷೆ ಶುರು ಮಾಡಿದೆ. ಅಡಾಪ್ಟರ್ ಬದಲಿಸಿದೆ. ಕೇಬಲ್ ಬದಲಿಸಿದೆ. ಕೊನೆಗೆ ಡಿಸ್ಕನ್ನು ಡ್ರಾವರ್ ಸಮೇತ ಎಡಗಡೆಯಿಂದ ತೆಗೆದು, ಹಿಂದೆ ಮುಂದೆ ನೋಡದೆ ಬಲಗಡೆ ತಳ್ಳಿದೆ. ಅಲ್ಲೂ ಕೆಂಪು. ಜಾಗ ಬದಲಿಸಿದರೂ ರೋಗ ಜೊತೆಗೇ ಬಂತೆಂದರೆ ತಪ್ಪು ಪೆಟ್ಟಿಗೆಯದಲ್ಲ, ಡಿಸ್ಕಿನದು. ಆಫೀಸಿನಲ್ಲಿ ಹೊಸಬರಿಗೆ ಇದನ್ನೇ ಪಾಠ ಮಾಡುತ್ತೇನೆ. ದೀಪಾವಳಿಗೆ ಮೂರು ವಾರ ಉಳಿದಿತ್ತು, ದಿವಾನದ ಮೇಲೆ ಬ್ಲೌಸ್ ಪೀಸುಗಳ ರಾಶಿ ಬಿದ್ದಿತ್ತು.

ಬೈಗುಳಕ್ಕೆ ಸಿದ್ಧನಾಗಿದ್ದೆ. ಅವ್ವ ಬೈಯಲಿಲ್ಲ. ಚಷ್ಮಾ ಹಾಕಿಕೊಂಡು ಕೇಳಿದಳು: "ಒಂದು ವಹಿ ಕೊಡು." ಮನೆಯಲ್ಲಿ ಒಂದು ನೋಟ್‌ಬುಕ್ಕೂ ಇರಲಿಲ್ಲ. ಕಂಪನಿ ಕೊಟ್ಟ ಡೈರಿಯನ್ನು ಕೊಟ್ಟೆ. ರಾಶಿಯಿಂದ ಒಂದೊಂದೇ ಪೀಸ್ ಎತ್ತಿ, ಯಾರದೆಂದು ನೋಡಿ, ಸೂರು ನೋಡುತ್ತಾ ಬರೆಯತೊಡಗಿದಳು. ಎದೆ, ಭುಜ, ತೋಳು, ಉದ್ದ. ಕೆಲವರ ಹೆಸರಿನ ಮುಂದೆ ಪೆನ್ನು ಬಹಳ ಹೊತ್ತು ನಿಲ್ಲುತ್ತಿತ್ತು, ಆಮೇಲೆ ಆ ಜಾಗ ಖಾಲಿ ಬಿಡುತ್ತಿದ್ದಳು. ಆ ಖಾಲಿ ಜಾಗಗಳನ್ನು ನಾನು ಎಣಿಸುತ್ತಾ ಕೂತೆ.

ಡಿಸ್ಕನ್ನು, ಕೆಟ್ಟದ್ದರೊಳಗಿಂದಲೂ ಫೈಲು ಎತ್ತಿಕೊಡುವ ರಿಕವರಿಯವರಿಗೆ ಕಳಿಸೋಣವೆಂದು ಮರುದಿನ ಡ್ರಾವರಿನ ಸ್ಕ್ರೂ ಬಿಚ್ಚಿದೆ. ಡಿಸ್ಕಿನ ಹಿಂಭಾಗದಲ್ಲಿ, ಪೆಟ್ಟಿಗೆಗೆ ಕಚ್ಚಿಕೊಳ್ಳುವ ಚಿನ್ನದ ಬಣ್ಣದ ಹಲ್ಲುಗಳ ಮೇಲೆ, ದುಂಡಗೆ ಒಂದು ಕುಂಕುಮದ ಬೊಟ್ಟು! ನೀರಿನಲ್ಲಿ ಕಲಸಿ ಹಚ್ಚಿದ್ದು ಒಣಗಿ ಹೆಪ್ಪುಗಟ್ಟಿತ್ತು.

ಇಷ್ಟು ಒಳಗೆ ಯಾಕೆ ಹಚ್ಚಿದೆ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ಪ್ರತಿ ವರ್ಷ ವಹಿ ತೆರದು ಮೊದಲನೇ ಹಾಳ್ಯಾಗ ಕುಂಕುಮ ಹಚ್ತಿದ್ದೆ. ಈಗ ವಹಿ ಇದರೊಳಗ ಅದ ಅಂತ ನೀನ ಹೇಳೀದಿ. ಹೊರಗ ಹಚ್ಚಿದ್ರ ಒಳಗಿಂದಕ್ಕ ಮುಟ್ತದೇನು?"

ಹಿಂದಿನ ವರ್ಷ ಡ್ರಾವರ್ ತೆಗೆಯುವುದು ಹೇಗೆಂದು ತಿಳಿದಿರಲಿಲ್ಲವಂತೆ. ಈ ವರ್ಷ ತಿಳಿಯಿತು. ಖಾಲಿ ಡ್ರಾವರಿಗೂ ಹಚ್ಚಿದ್ದಾಳೆ, ಪಾಪ, ಅದೊಂದೇ ಯಾಕೆ ಉಳಿಯಬೇಕು ಎಂದು.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಒಣಗಿಸಿ, ತಳ್ಳಿದೆ. ಹಸಿರು ದೀಪ ಬಂತು. ಏಳೂ ನೋಟ್‌ಬುಕ್ಕುಗಳು ಎದ್ದು ಬಂದವು. ಡಿಸ್ಕಿಗೆ ಏನೂ ಆಗಿರಲಿಲ್ಲ. ಮೊದಲು ಎರಡು ಕಡೆ ಕಾಪಿ ಮಾಡಿ, ಎರಡನೆಯ ಡಿಸ್ಕ್ ಆರ್ಡರ್ ಹಾಕಿ, ಆಮೇಲೆ ಉಸಿರು ಬಿಟ್ಟೆ. ಅವ್ವನ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. (ಕಸುಬಿನ ಚಟ.) ಅವ್ವ ನೆನಪಿನಿಂದ ಬರೆದದ್ದನ್ನು ಸ್ಕ್ಯಾನಿನೊಂದಿಗೆ ತಾಳೆ ನೋಡಿದೆ. ಬರೆದದ್ದೆಲ್ಲ ಸರಿಯಾಗಿತ್ತು, ಮೇಲಿನ ಮಹಡಿಯ ಜೋಶಿ ಕಾಕು ಅವರದೊಂದು ಬಿಟ್ಟು. ತೋಳಿನ ಸುತ್ತಳತೆ ಒಂದೂವರೆ ಇಂಚು ಕಡಿಮೆ ಬರೆದಿದ್ದಳು. ಸಿಕ್ಕಿತು ತಪ್ಪು ಎಂದು ಟ್ಯಾಬ್ಲೆಟ್ ತೋರಿಸಿದೆ.

ಅವ್ವ ನೋಡಿದಳು, ಪಕ್ಕಕ್ಕಿಟ್ಟಳು.

"ಅದು ಹಳೀ ಅಳತಿ. ಆಕಿ ಈ ಮಳಿಗಾಲದಾಗ ದವಾಖಾನಿ ಸೇರಿ ಎದ್ದು ಬಂದಾಳ. ಟೇಪ್ ಹಚ್ಚಿದ್ರ ಎಷ್ಟು ಸೊರಗೀನಿ ಅಂತ ಆಕಿಗೆ ಗೊತ್ತಾಗ್ತದ. ಅದಕ್ಕ ಮೆಟ್ಟಲದಾಗ ಮಾತಾಡ್ಕೋತ ನಿಂತು ಕಣ್ಣಿಲೆ ಅಳತಿ ತಗೊಂಡೆ."

ಇದನ್ನು ನಾನು ಯಾವ ಫೋಲ್ಡರಿನಲ್ಲಿ ಇಡಲಿ, ಹೇಳಿ?